‘ಎ’ ಜೀವಸತ್ವವೂ ನಮ್ಮ ಅಂಗಡಿಯ ಡಬ್ಬಿಯೂ



ಈ ತಿಂಗಳ ಅಂಕಣಕ್ಕೆ ವಿಷಯ ಒದಗಿಸಿದ್ದು ನಮ್ಮ ಮೊಮ್ಮಗಳ ಮುಖದ ಮೊಡವೆ. ಓದುಗರು ನಗಬಾರದು. ಹತ್ತೊಂಬತ್ತು ವರ್ಷದ ಹುಡುಗಿ, ಮೊಡವೆ ಹಣ್ಣಾಗಿ ಕಲೆ ಬೀಳಲು ಶುರುವಾಯಿತು. ನಮ್ಮ ಮನೆಯವರು ಅವಳನ್ನು ಕರೆದುಕೊಂಡು ಊಟಿಯಿಂದ ಕೊಯಮತ್ತೂರಿಗೆ ಇಳಿದು ಚರ್ಮವೈದ್ಯರಿಗೆ ತೋರಿಸಿದರು. ಚೀಟಿ ಬರೆಯುವ ಮೊದಲು ವೈದ್ಯರು ಕೇಳಿದ್ದು ಇಷ್ಟು: “ಹುಡುಗಿಗೆ ಸದ್ಯದಲ್ಲಿ ಮದುವೆ ಮಾಡುವ ಯೋಚನೆ ಇದೆಯೇ?”

ನಮ್ಮ ಮನೆಯವರಿಗೆ ಸಿಟ್ಟು ಬಂತು. ಮೊಡವೆಗೂ ಮದುವೆಗೂ ಏನು ಸಂಬಂಧ? ವೈದ್ಯರು ತಾಳ್ಮೆಯಿಂದ ವಿವರಿಸಿದರಂತೆ. ಆ ಮಾತ್ರೆಯ ಹೆಸರು ಐಸೊಟ್ರೆಟಿನಾಯಿನ್. ಅದು ‘ಎ’ ಜೀವಸತ್ವದ ದಾಯಾದಿ. ಅದನ್ನು ನುಂಗುವ ಕಾಲದಲ್ಲಿ ಗರ್ಭ ನಿಂತರೆ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಒಂದು ತಿಂಗಳು ಎಚ್ಚರ ಬೇಕು. ಅಮೆರಿಕದಲ್ಲಿ 1982ರಲ್ಲಿ ಈ ಔಷಧ ಮಾರುಕಟ್ಟೆಗೆ ಬಂತು. 1985ರ ಹೊತ್ತಿಗೇ ಇಂಥ ಶಿಶುಗಳ ವಿವರ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿತ್ತು.

ಇದನ್ನು ಕೇಳಿದಂದಿನಿಂದ ನಮಗೆ ಒಂದೇ ಯೋಚನೆ. ‘ಎ’ ಜೀವಸತ್ವವೆಂದರೆ ಕಣ್ಣಿಗೆ ಒಳ್ಳೆಯದೆಂದು ಶಾಲೆಯಲ್ಲಿ ಓದಿದ್ದೆವು. ಕಣ್ಣು ಉಳಿಸುವ ವಸ್ತುವಿನ ದಾಯಾದಿ ಹುಟ್ಟದ ಮಗುವಿನ ಕಿವಿಯನ್ನು ಕೆಡಿಸುವುದು ಹೇಗೆ? ನಮ್ಮದು ಎಸ್.ಎಸ್.ಎಲ್.ಸಿ. ವಿದ್ಯೆ. ಕಿರಿಯ ಸೊಸೆ ಊಟಿಯ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನಲ್ಲಿ ಓದಿದವಳು. ಸಾಯಂಕಾಲದ ಊಟ ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ದಿನ ಅವಳು ನಮಗೆ ಪಾಠ ಹೇಳಿದಳು. ಅದರ ಸಾರವನ್ನೂ, ಅದರಿಂದ ನಮ್ಮ ಮನಸ್ಸಿಗೆ ತಟ್ಟಿದ್ದನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ.

ಕೂನೂರಿನ ಋಣ

ಮೊದಲು ನಮ್ಮ ಜಿಲ್ಲೆಯ ಒಂದು ಹೆಮ್ಮೆಯ ಸಂಗತಿ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ತವರುಮನೆ ನಮ್ಮ ನೀಲಗಿರಿಯ ಕೂನೂರು. 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಮೂಲೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಸಣ್ಣ ಪ್ರಯೋಗಶಾಲೆ ಆರಂಭಿಸಿದರು. ಅದೇ ಬೆಳೆದು ಪೋಷಣ ಸಂಶೋಧನಾಲಯವಾಯಿತು. 1935ರಿಂದ 1945ರವರೆಗೆ ಡಾ. ಐಕ್ರಾಯ್ಡ್ ಅದರ ಮುಖ್ಯಸ್ಥರಾಗಿದ್ದರು. ನಮ್ಮ ದೇಶದ ಅಕ್ಕಿ, ಬೇಳೆ, ಸೊಪ್ಪು, ಹಣ್ಣುಗಳಲ್ಲಿ ಏನೇನು ಸತ್ವವಿದೆಯೆಂಬ ಪಟ್ಟಿಯನ್ನು 1937ರಲ್ಲಿ ಪುಸ್ತಕವಾಗಿ ತಂದದ್ದು ಇದೇ ಕೂನೂರಿನಿಂದ. ‘ಎ’ ಜೀವಸತ್ವ ಸಾಲದೆ ಕಣ್ಣಿನ ಕರಿಗುಡ್ಡೆಯೇ ಕರಗಿಹೋಗುವ ರೋಗಕ್ಕೆ ಕೆಂಪು ತಾಳೆಎಣ್ಣೆ ಕೊಟ್ಟು ಗುಣ ಕಂಡ ವರದಿಯೂ ಅದೇ ವರ್ಷದ್ದು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಅಲ್ಲಿನ ಕೆಲಸದ ಫಲವಾಗಿಯೇ 1970ರಿಂದ ದೇಶದ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದ್ರವ ಕುಡಿಸುವ ಯೋಜನೆ ಬಂತು.

ಈ ಬೆಟ್ಟದಲ್ಲಿ ಕುಳಿತು ‘ಎ’ ಜೀವಸತ್ವದ ವಿಚಾರ ಬರೆಯಲು ನಮಗೆ ಒಂದು ಹಕ್ಕಿದೆಯೆಂದು ಭಾವಿಸುತ್ತೇವೆ. ಇದೇ ಬೆಟ್ಟದಲ್ಲಿ ಕುಳಿತು ನಾವು ಮಾರಿದ ಒಂದು ಪದಾರ್ಥದ ವಿಚಾರವನ್ನೂ ಬರೆಯಬೇಕಾಗಿದೆ. ಅದನ್ನು ಮುಂದೆ ಹೇಳುತ್ತೇವೆ.

ಉಗ್ರಾಣ, ಹಮಾಲಿ, ಹುಂಡಿ

ಸೊಸೆ ಹೇಳಿದ್ದನ್ನು ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳಿದರೆ ಬಂಧುಗಳಿಗೆ ಬೇಗ ತಿಳಿದೀತು.

ನಾವು ತಿನ್ನುವ ಸೊಪ್ಪು, ಪಪ್ಪಾಯಿ, ಸಿಹಿಗುಂಬಳಗಳಲ್ಲಿ ಬೀಟಾ ಕೆರೋಟಿನ್ ಎಂಬ ಹಳದಿ ಪದಾರ್ಥವಿದೆ. ದೇಹ ಅದನ್ನು ತನಗೆ ಬೇಕಾದಷ್ಟು ಮಾತ್ರ ‘ಎ’ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಹಾಲು, ಬೆಣ್ಣೆ, ತುಪ್ಪದಲ್ಲಿ ಅದು ಸಿದ್ಧರೂಪದಲ್ಲೇ ಇದೆ. ಬಂದ ಸರಕನ್ನೆಲ್ಲ ಪಿತ್ತಜನಕಾಂಗ, ಅಂದರೆ ಲಿವರ್, ತನ್ನ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಚೆನ್ನಾಗಿ ಉಂಡ ದೊಡ್ಡವರ ಉಗ್ರಾಣದಲ್ಲಿ ಹಲವು ತಿಂಗಳಿಗಾಗುವಷ್ಟು ದಾಸ್ತಾನು ಇರುತ್ತದೆ. ಅಂಗಾಂಗಗಳಿಗೆ ಬೇಕಾದಾಗ ಉಗ್ರಾಣದಿಂದ ಅಳೆದು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಅದನ್ನು ಹೊರಲು ಒಬ್ಬ ಹಮಾಲಿ ಇದ್ದಾನೆ. ಅದು ಒಂದು ಪ್ರೊಟೀನು. ದಾರಿಯಲ್ಲಿ ಅವನು ಕಳೆದುಹೋಗದಂತೆ ಕೈಹಿಡಿದು ನಡೆಸಲು ಇನ್ನೊಂದು ದೊಡ್ಡ ಪ್ರೊಟೀನು ಜೊತೆಗಿರುತ್ತದೆ.

ಕಣ್ಣಿಗೆ ಹೋದ ಸರಕು ಮಬ್ಬು ಬೆಳಕಿನಲ್ಲಿ ನೋಡಲು ನೆರವಾಗುತ್ತದೆ. ಉಳಿದ ಜೀವಕೋಶಗಳಿಗೆ ಹೋದದ್ದರಲ್ಲಿ ಸ್ವಲ್ಪ ಭಾಗ ರೆಟಿನಾಯಿಕ್ ಆಮ್ಲವೆಂಬ ರೂಪ ತಾಳುತ್ತದೆ. ಇದು ಸರಕಲ್ಲ, ಹುಂಡಿ. ದೂರದ ಊರಿನ ಸಾಹುಕಾರನ ಹುಂಡಿ ಬಂದರೆ ಗುಮಾಸ್ತ ಮೊಹರು ನೋಡಿ ಪೆಟ್ಟಿಗೆ ತೆರೆಯುತ್ತಿದ್ದ. ಹಾಗೆಯೇ ಜೀವಕೋಶದ ನಡುಮನೆಯಲ್ಲಿ ಈ ಹುಂಡಿಯನ್ನು ಕಾಯುತ್ತ ಕುಳಿತ ಗುಮಾಸ್ತರಿದ್ದಾರೆ. ವಿಜ್ಞಾನಿಗಳು ಅವರನ್ನು ಗ್ರಾಹಕಗಳೆನ್ನುತ್ತಾರೆ. ಅವುಗಳಲ್ಲಿ ಮೊದಲನೆಯದನ್ನು 1987ರಲ್ಲಿ ಫ್ರಾನ್ಸಿನ ಪಿಯರ್ ಶಾಂಬಾ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ಇಬ್ಬರ ತಂಡಗಳೂ ಬೇರೆಬೇರೆಯಾಗಿಯೇ ಕಂಡುಹಿಡಿದವು. ಹುಂಡಿ ಕೈಸೇರಿದ ಕೂಡಲೇ ಗುಮಾಸ್ತ ತನ್ನ ಜೊತೆಗಾರನ ಸಂಗಡ ವಂಶವಾಹಿಯ ಖಾತೆಯಲ್ಲಿ ಇಂಥ ಪುಟ ತೆರೆಯಬೇಕು, ಇಂಥ ಪುಟ ಮುಚ್ಚಬೇಕೆಂದು ನಿರ್ಧರಿಸುತ್ತಾನೆ. ಗರ್ಭದಲ್ಲಿ ಇಲ್ಲಿ ಕಿವಿ, ಅಲ್ಲಿ ಹೃದಯದ ಕವಾಟ, ಇಷ್ಟು ದಿನಕ್ಕೆ ಬೆನ್ನುಹುರಿ ಎಂದು ಅಪ್ಪಣೆ ಹೋಗುವುದರಲ್ಲಿ ಈ ಹುಂಡಿಯ ಪಾತ್ರ ದೊಡ್ಡದು. ಚರ್ಮ ಹೊಸದಾಗುವುದು, ಶ್ವಾಸಕೋಶದ ಒಳಪೊರೆ ಮೃದುವಾಗಿರುವುದು, ರೋಗ ತಡೆಯುವ ಕಣಗಳು ಬಲಿಯುವುದು ಇದರಿಂದಲೇ. ಕೆಲಸ ಮುಗಿದ ಹುಂಡಿಯನ್ನು ಹರಿದುಹಾಕಲು ಬೇರೆ ಕಿಣ್ವಗಳಿವೆ.

ಹುಂಡಿ ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಬೇಡದ ಹೊತ್ತಿನಲ್ಲಿ ರಾಶಿ ಹುಂಡಿ ಬಂದರೆ ಬೇಡದ ಪುಟಗಳು ತೆರೆಯುತ್ತವೆ. ಮೊಮ್ಮಗಳ ಮಾತ್ರೆಗೆ ವೈದ್ಯರು ಹೆದರಿದ್ದು ಇದಕ್ಕೇ.

ಖೋಟಾ ಹುಂಡಿಗಳು

ಇಲ್ಲಿಗೆ ಪಾಠ ನಿಂತಿದ್ದರೆ ನಾವು ಅಂಕಣ ಬರೆಯುತ್ತಿರಲಿಲ್ಲ. ಆರನೆಯ ದಿನ ಸೊಸೆ ಹೇಳಿದಳು: “ಮಾವ, ಮನುಷ್ಯ ತಯಾರಿಸಿದ ಕೆಲವು ವಿಷಗಳು ಈ ವ್ಯವಹಾರದಲ್ಲಿ ಕೈಹಾಕುತ್ತವೆ.” ಮೂರು ಬಗೆಯನ್ನು ಅವಳು ಎಣಿಸಿದಳು.

ಮೊದಲನೆಯದು ಉಗ್ರಾಣಕ್ಕೆ ಕನ್ನ. ಪ್ಲಾಸ್ಟಿಕ್ಕನ್ನೂ ಕಸವನ್ನೂ ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿಂದ ಇಲಿಗಳ ಲಿವರಿನ ಉಗ್ರಾಣದಲ್ಲಿ ‘ಎ’ ಜೀವಸತ್ವದ ದಾಸ್ತಾನು ಕರಗಿಹೋಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಎರಡನೆಯದು ಹಮಾಲಿಯ ದಾರಿ ತಪ್ಪಿಸುವುದು. ಹಿಂದೆ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಬಳಸುತ್ತಿದ್ದ ಪಿ.ಸಿ.ಬಿ. ಎಂಬ ರಾಸಾಯನಿಕಗಳಿವೆ. ಅವು ದೇಹದಲ್ಲಿ ರೂಪ ಬದಲಿಸಿ, ಹಮಾಲಿಯ ಕೈಹಿಡಿಯುವ ಆ ದೊಡ್ಡ ಪ್ರೊಟೀನಿಗೆ ತಾವೇ ಅಂಟಿಕೊಳ್ಳುತ್ತವೆ. ಕೈತಪ್ಪಿದ ಹಮಾಲಿ ಹೊರೆಸಮೇತ ಮೂತ್ರಪಿಂಡದ ದಾರಿಯಲ್ಲಿ ಕಳೆದುಹೋಗುತ್ತಾನೆ. ಯುರೋಪಿನ ವಾಡನ್ ಸಮುದ್ರದ ಕೊಳಕು ನೀರಿನ ಮೀನು ತಿಂದ ಸೀಲ್ ಪ್ರಾಣಿಗಳ ರಕ್ತದಲ್ಲಿ ‘ಎ’ ಜೀವಸತ್ವ ಕಡಿಮೆಯಾಗಿದ್ದುದನ್ನು ಡಚ್ ವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದರು.

ಮೂರನೆಯದು ಖೋಟಾ ಹುಂಡಿ. ಹಡಗಿನ ತಳಕ್ಕೆ ಬಳಿಯುವ ಬಣ್ಣದಲ್ಲಿ ಟ್ರೈಬ್ಯುಟೈಲ್ ತವರ ಎಂಬ ವಿಷ ಸೇರಿಸುತ್ತಿದ್ದರು. ಬಂದರುಗಳ ನೀರಿನಲ್ಲಿ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡತೊಡಗಿತು. ಈ ತವರವು ಗುಮಾಸ್ತನ ಆ ಜೊತೆಗಾರನಿಗೆ ನಿಜವಾದ ಹುಂಡಿಯಂತೆಯೇ ಕಾಣುತ್ತದೆಂಬುದನ್ನು 2004ರಲ್ಲಿ ಜಪಾನಿನವರು ತೋರಿಸಿದರು. 2008ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದು ಆ ಬಣ್ಣ ನಿಷೇಧವಾಯಿತು.

ಆಮೇಲೆ ಅವಳು ಸ್ವಲ್ಪ ತಡೆದು ಹೇಳಿದಳು: “2005ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೆಲವು ಕೀಟನಾಶಕಗಳನ್ನು ಜೀವಕೋಶಗಳ ಮೇಲೆ ಹಾಕಿ ನೋಡಿದರು. ಅವುಗಳಲ್ಲಿ ಕೆಲವು ರೆಟಿನಾಯಿಕ್ ಆಮ್ಲದ ಗ್ರಾಹಕಗಳನ್ನು ಎಬ್ಬಿಸಿದವು. ಆ ಪಟ್ಟಿಯಲ್ಲಿ ಎಂಡೋಸಲ್ಫಾನ್ ಕೂಡ ಇದೆ.”

ಅವಳೇಕೆ ತಡೆದಳೆಂದು ನಮಗೆ ತಿಳಿಯಿತು.

ನಮ್ಮ ಅಂಗಡಿಯ ಡಬ್ಬಿ

ನಮ್ಮ ತಂದೆಯವರ ಕಾಲದಿಂದ ನಮ್ಮದು ಬೀಜ, ಗೊಬ್ಬರದ ಅಂಗಡಿ. ಕೇತಿ ಕಣಿವೆಯ ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು ಬೆಳೆಯುವವರು, ಗೂಡಲೂರಿನ ಕಡೆಯ ಸಣ್ಣ ಚಹಾ ತೋಟದವರು, ಮಸಿನಗುಡಿಯ ರೈತರು ನಮ್ಮ ಗಿರಾಕಿಗಳು. ಬೀಜ, ಗೊಬ್ಬರದ ಜೊತೆಗೆ ಔಷಧವೂ ಇತ್ತು. ಔಷಧವೆಂದು ನಾವು ಕರೆಯುತ್ತಿದ್ದೆವು, ರೈತರೂ ‘ಮರುಂದು’ ಎನ್ನುತ್ತಿದ್ದರು. ವಿಷವೆಂದು ಯಾರೂ ಕರೆಯುತ್ತಿರಲಿಲ್ಲ. ಹೆಚ್ಚು ಖರ್ಚಾಗುತ್ತಿದ್ದ ಡಬ್ಬಿಗಳಲ್ಲಿ ಎಂಡೋಸಲ್ಫಾನ್ 35 ಇ.ಸಿ. ಒಂದು. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದ ಅರ್ಥವನ್ನು ಗಿರಾಕಿಗೆ ಬಿಡಿಸಿ ಹೇಳಿದ ನೆನಪು ನಮಗಿಲ್ಲ. ಖಾಲಿ ಡಬ್ಬಿ ಕೇಳಿದವರಿಗೆ ಪುಕ್ಕಟೆ ಕೊಡುತ್ತಿದ್ದೆವು. ಅದನ್ನು ತೊಳೆದು ಸೀಮೆಎಣ್ಣೆ ತುಂಬುವವರಿದ್ದರು. ನೀರು ತುಂಬುವವರೂ ಇದ್ದರು. ಕಂಡೂ ನಾವು ಸುಮ್ಮನಿದ್ದೆವು.

2010ರಲ್ಲಿ ಮೂಡಬಿದಿರೆಯಲ್ಲಿ ಬಂಧುಗಳ ಮದುವೆ ಮುಗಿಸಿ, ನೆಂಟರೊಬ್ಬರ ಕೆಲಸದ ಮೇಲೆ ಅವರ ಸಂಗಡ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಹೋಗಿದ್ದೆವು. ಎಣ್ಮಕಜೆ ಪಂಚಾಯತಿಯ ಆ ಗುಡ್ಡಗಳ ಕಥೆ ಬಂಧುಗಳಿಗೆ ಗೊತ್ತಿದೆ. ಕೇರಳ ಸರ್ಕಾರದ ತೋಟಗಾರಿಕೆ ನಿಗಮವು ಗೇರುತೋಟಗಳ ಮೇಲೆ 1976ರಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುಡ್ಡದ ಬುಡದಲ್ಲಿ ಮನೆ, ಬಾವಿ, ಶಾಲೆ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀಪಡ್ರೆ ಅವರು ಅಲ್ಲಿನ ರೋಗಗಳ ಕಡೆ ಲೋಕದ ಗಮನ ಸೆಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷಿಸಿದರು. ಆ ಊರಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದು ಅವರು 2003ರಲ್ಲಿ ಪ್ರಕಟಿಸಿದರು.

ನಾವು ಹೋದ ಮನೆಯಲ್ಲಿ ಹದಿನಾಲ್ಕು ವರ್ಷದ ಮಗು ಚಾಪೆಯ ಮೇಲೆ ಮಲಗಿತ್ತು. ಮಗು ಎಂದು ಏಕೆ ಬರೆದೆವೆಂದರೆ ಅದರ ಮೈ ಐದು ವರ್ಷದಷ್ಟಿತ್ತು. ತಾಯಿ ನಮ್ಮ ಹಾಗೆಯೇ ಕನ್ನಡದಲ್ಲಿ ಮಾತಾಡಿ ಮಜ್ಜಿಗೆ ಕೊಟ್ಟಳು. ಊಟಿಯಿಂದ ಬಂದವರೆಂದು ತಿಳಿದು, “ನಿಮ್ಮದು ಯಾವ ವ್ಯಾಪಾರ?” ಎಂದು ಕೇಳಿದಳು. “ಬೀಜ, ಗೊಬ್ಬರ” ಎಂದೆವು. ಮೂರನೆಯದನ್ನು ಹೇಳಲು ನಾಲಿಗೆ ಏಳಲಿಲ್ಲ.

ಓದುಗರಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಎಂಡೋಸಲ್ಫಾನ್ ಮುಖ್ಯವಾಗಿ ನರಗಳ ವಿಷ. ಫ್ರಾನ್ಸಿನವರು ಕಂಡದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ. ಆ ಮಗುವಿನ ಸ್ಥಿತಿಗೆ ಈ ಖೋಟಾ ಹುಂಡಿಯೇ ಕಾರಣವೆಂದು ಯಾವ ವಿಜ್ಞಾನಿಯೂ ಸಾಬೀತು ಮಾಡಿಲ್ಲ, ನಾವೂ ಹಾಗೆನ್ನುವುದಿಲ್ಲ. ಒಂದು ಪದಾರ್ಥ ದೇಹದ ಎಷ್ಟು ಬಾಗಿಲುಗಳನ್ನು ತಟ್ಟಬಲ್ಲದೆಂಬುದನ್ನು ತಿಳಿಯದೆಯೇ ಅದನ್ನು ಮೂವತ್ತು ವರ್ಷ ಅಳೆದು ಕೊಟ್ಟೆವಲ್ಲ, ನಮ್ಮನ್ನು ಕಾಡುವುದು ಅದು.

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ತಡೆಯಿತು. ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು. ನಾವು ಉಳಿದ ಡಬ್ಬಿಗಳನ್ನು ಹಿಂದಿರುಗಿಸಿದೆವು. ಬೇರೆ ಹೆಸರಿನ ಡಬ್ಬಿಗಳು ಆ ಜಾಗಕ್ಕೆ ಬಂದವು, ನಿಜ ಹೇಳಬೇಕಾದರೆ ಮೂರು ವರ್ಷ ಅವನ್ನೂ ಮಾರಿದೆವು. ಶ್ರಾವಕನಿಗೆ ವರ್ಜ್ಯವೆಂದು ನಮ್ಮ ಹಿರಿಯರು ಎಣಿಸಿದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ಚಿಕ್ಕಂದಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆವು. ಅಂಗಡಿಯ ಕಪಾಟಿಗೂ ಆ ಪಾಠಕ್ಕೂ ಸಂಬಂಧ ಕಲ್ಪಿಸಿರಲಿಲ್ಲ. 2014ರಲ್ಲಿ ಪರವಾನಗಿಯನ್ನು ನವೀಕರಿಸದೆ ಬಿಟ್ಟೆವು. ದೊಡ್ಡ ಮಗ ಲೆಕ್ಕ ತೋರಿಸಿ, ಆದಾಯದಲ್ಲಿ ಮೂರರಲ್ಲೊಂದು ಪಾಲು ಹೋಗುತ್ತದೆಂದು ವಾದಿಸಿದ. ಅವನ ಲೆಕ್ಕ ಸರಿಯಾಗಿತ್ತು. ಮೂರು ವರ್ಷ ಬಿಗಿಯಾಗಿಯೇ ಕಳೆಯಿತು. ಈಗ ಬೀಜ, ಬೇವಿನ ಹಿಂಡಿ, ಕಾಂಪೋಸ್ಟು, ಸಲಕರಣೆಗಳಿಂದ ಅಂಗಡಿ ನಡೆಯುತ್ತಿದೆ. ಈ ವ್ಯಾಪಾರದಲ್ಲಿರುವ ಬಂಧುಗಳು ಹಲವರಿದ್ದಾರೆ. ಅವರಿಗೆ ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ. ಬಿಡಲಾಗದವರು ಡಬ್ಬಿಯ ತ್ರಿಕೋನದ ಅರ್ಥವನ್ನಾದರೂ ಗಿರಾಕಿಗೆ ಓದಿ ಹೇಳಲಿ, ಖಾಲಿ ಡಬ್ಬಿಗೆ ತೂತು ಹೊಡೆದು ಯಾರೂ ಬಳಸದಂತೆ ಮಾಡಲಿ ಎಂದಷ್ಟೇ ಪ್ರಾರ್ಥನೆ.

ಹೊಗೆಯ ವಿಚಾರ

ಕೀಟನಾಶಕ ಮಾರದವರೂ ಖೋಟಾ ಹುಂಡಿಯ ವ್ಯವಹಾರದಿಂದ ಹೊರಗಿಲ್ಲ. ಮಾರ್ಗಶಿರ, ಪುಷ್ಯದಲ್ಲಿ ಊಟಿಯಲ್ಲಿ ಹಿಮ ಬೀಳುವ ದಿನಗಳನ್ನು ನೆನೆಯಿರಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಹಿಂದಿನ ದಿನದ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಹಾಳೆ, ಥರ್ಮೊಕೋಲ್ ಎಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಹಮಾಲಿಗಳೂ ನಾವೂ ಸುತ್ತ ನಿಂತು ಕೈಕಾಯಿಸುತ್ತೇವೆ. ನಮ್ಮ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಚೀಲಗಳ ವಿರುದ್ಧದ ಕೆಲಸ ರಾಜ್ಯದ ಉಳಿದೆಡೆಗಿಂತ ಎಷ್ಟೋ ಮೊದಲು ಶುರುವಾಯಿತು. 2019ರ ಜನವರಿ 1ರಿಂದ ತಮಿಳುನಾಡಿಡೀ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಆದರೂ ಸರಕಿನ ಕಟ್ಟುಗಳೊಂದಿಗೆ ಬರುವ ಪ್ಲಾಸ್ಟಿಕ್ ಬರುತ್ತಲೇ ಇದೆ. ಅದನ್ನು ಸುಟ್ಟ ಹೊಗೆಯ ವಿಷ ಹುಲ್ಲಿನ ಮೇಲೆ ಕೂರುತ್ತದೆ. ಹುಲ್ಲನ್ನು ಹಸು ತಿನ್ನುತ್ತದೆ. ಡಯಾಕ್ಸಿನ್ ಕೊಬ್ಬಿನಲ್ಲಿ ನೆಲೆನಿಲ್ಲುವ ಪದಾರ್ಥವಾದ್ದರಿಂದ ಹಾಲಿನ ಕೆನೆಯಲ್ಲಿ ನಮ್ಮ ಮನೆಗೇ ಮರಳುತ್ತದೆ. ನಾವು ಸಿದ್ಧರೂಪದ ‘ಎ’ ಜೀವಸತ್ವಕ್ಕೆ ನೆಚ್ಚಿರುವುದೂ ಅದೇ ಕೆನೆಯನ್ನು. ಕೈಕಾಯಿಸಲು ಒಣಸೌದೆ ಸಾಕು. ಪ್ಲಾಸ್ಟಿಕ್ಕನ್ನು ನಗರಸಭೆಯ ಗಾಡಿಗೆ ಕೊಡೋಣ.

ಬೀಡಿ, ಸಿಗರೇಟಿನ ಹೊಗೆಯ ವಿಚಾರವಂತೂ ಇನ್ನೂ ವಿಚಿತ್ರ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಆರಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ಮಾತ್ರೆ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ತಪ್ಪೀತೆಂಬ ಆಸೆ. 1994ರಲ್ಲಿ ಫಲ ಬಂದಾಗ, ಮಾತ್ರೆ ನುಂಗಿದವರಲ್ಲಿ ಆ ಕ್ಯಾನ್ಸರ್ 18 ಶೇಕಡಾ ಹೆಚ್ಚಾಗಿತ್ತು. ಅಮೆರಿಕದ ಅಂಥದೇ ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕಾರಣ ಹುಡುಕಲು ಫೆರೆಟ್ ಎಂಬ ಪ್ರಾಣಿಗಳಿಗೆ ಮಾತ್ರೆಯನ್ನೂ ಹೊಗೆಯನ್ನೂ ಕೊಟ್ಟು ನೋಡಿದಾಗ, ಅವುಗಳ ಶ್ವಾಸಕೋಶದಲ್ಲಿ ರೆಟಿನಾಯಿಕ್ ಆಮ್ಲವೇ ಕಡಿಮೆಯಾಗಿತ್ತು, ಒಂದು ಬಗೆಯ ಗ್ರಾಹಕವೂ ತಗ್ಗಿತ್ತು. ಸರಕು ಹೆಚ್ಚು ತುಂಬಿದರೂ ಹೊಗೆ ಸೇರಿದಾಗ ಹುಂಡಿ ಕಡಿಮೆಯಾಯಿತು. ಹೊಗೆಯ ಪಾಪವನ್ನು ಮಾತ್ರೆಯಿಂದ ತೊಳೆಯಲಾಗದು.

ಅಡುಗೆಮನೆಗೆ ನಾಲ್ಕು ಮಾತು

ಊಟಿಯ ಕ್ಯಾರೆಟ್ ಲೋಕಪ್ರಸಿದ್ಧ. ಕಂದಮೂಲವಾದ್ದರಿಂದ ನಮ್ಮ ಬಹಳ ಮನೆಗಳಲ್ಲಿ ಅದಕ್ಕೆ ಪ್ರವೇಶವಿಲ್ಲ. ಮೊಟ್ಟೆ, ಮೀನೆಣ್ಣೆಯ ಮಾತೇ ಇಲ್ಲ. ಹಾಗಾದರೆ ‘ಎ’ ಜೀವಸತ್ವಕ್ಕೆ ಕೊರತೆಯೇ ಎಂದು ಕೇಳುವ ಸೊಸೆಯಂದಿರಿದ್ದಾರೆ. ಕೊರತೆಯಿಲ್ಲ. ನುಗ್ಗೆಸೊಪ್ಪು, ದಂಟಿನಸೊಪ್ಪು, ಕೊತ್ತಂಬರಿ, ಸಿಹಿಗುಂಬಳ, ಪಪ್ಪಾಯಿ, ಮಾವಿನಹಣ್ಣು ಬೇಕಾದಷ್ಟಿವೆ. ಅಷ್ಟಮಿ, ಚತುರ್ದಶಿಗಳಂದು ಸೊಪ್ಪು ಬಿಟ್ಟರೂ ಉಗ್ರಾಣದ ದಾಸ್ತಾನು ನಡೆಸಿಕೊಂಡು ಹೋಗುತ್ತದೆ. ಸೊಪ್ಪಿಗೆ ಒಂದು ಚಮಚ ತುಪ್ಪವೋ ಎಣ್ಣೆಯೋ ಬೀಳಬೇಕು. ಕೊಬ್ಬಿಲ್ಲದೆ ಈ ಸತ್ವ ಮೈಗೆ ಹತ್ತುವುದಿಲ್ಲ. ‘ಎಫ್’ ಗುರುತಿರುವ ಪ್ಯಾಕೆಟ್ ಹಾಲು, ಎಣ್ಣೆಗಳಲ್ಲಿ ಇದನ್ನು ಸೇರಿಸಿಯೇ ಇರುತ್ತಾರೆ.

ಕ್ಯಾರೆಟ್ ತಿನ್ನುವ ಮನೆಯವರು ಅದರ ಸಿಪ್ಪೆ ಹೆರೆದು ಬಳಸಲಿ. ಡಿ.ಡಿ.ಟಿ. ಜಾತಿಯ ಹಳೆಯ ವಿಷಗಳು ಮಣ್ಣಿನಲ್ಲಿ ಉಳಿದಿದ್ದರೆ ಕ್ಯಾರೆಟ್ ಅವನ್ನು ಹೀರಿ ಹೆಚ್ಚಾಗಿ ಸಿಪ್ಪೆಯಲ್ಲೇ ಇಟ್ಟುಕೊಳ್ಳುತ್ತದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಲಿ. ಸಾಧ್ಯವಾದವರು ಹಿತ್ತಿಲಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ ಹಾಕಲಿ. ಗೂಡಲೂರು, ಮಸಿನಗುಡಿಯ ಹವೆಗೆ ಎರಡೂ ಚೆನ್ನಾಗಿ ಬರುತ್ತವೆ.

ವೈದ್ಯರು ಹೇಳದೆ ‘ಎ’ ಜೀವಸತ್ವದ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಗರ್ಭಿಣಿಯರಂತೂ ಕೂಡದು. ಸೊಪ್ಪು, ಹಣ್ಣು ತಿಂದು ಯಾರಿಗೂ ಈ ಜೀವಸತ್ವ ಅತಿಯಾಗುವುದಿಲ್ಲ, ಮಾತ್ರೆಯಿಂದ ಅತಿಯಾಗುತ್ತದೆ. ಅಂಥ ಮಾತ್ರೆಗಳ ಮೆತ್ತನೆಯ ಕವಚ ಸಾಮಾನ್ಯವಾಗಿ ಪ್ರಾಣಿಮೂಲದ ಜಿಲೆಟಿನ್ ಎಂಬುದನ್ನೂ ಬಂಧುಗಳು ತಿಳಿದಿರಲಿ.

ಮೊಮ್ಮಗಳ ವಿಚಾರ ಹೇಳಿ ಮುಗಿಸುತ್ತೇವೆ. ಆ ಮಾತ್ರೆ ಬೇಡವೆಂದು ಅವಳೇ ನಿರ್ಧರಿಸಿದಳು. ವೈದ್ಯರು ಹಚ್ಚುವ ಬೇರೆ ಮುಲಾಮು ಕೊಟ್ಟಿದ್ದಾರೆ, ಮೊಡವೆ ನಿಧಾನವಾಗಿ ಇಳಿಯುತ್ತಿದೆ. ಪಾಠದ ಕೊನೆಯ ದಿನ ಅವಳೂ ಬಂದು ಕುಳಿತಿದ್ದಳು. “ತಾತ, ಪೆರ್ಲದ ಆ ಅಮ್ಮನಿಗೆ ಮೂರನೆಯದನ್ನು ಯಾವಾಗ ಹೇಳುತ್ತೀರಿ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಬರುವ ಚಾತುರ್ಮಾಸ ಮುಗಿದ ಮೇಲೆ ಒಮ್ಮೆ ಆ ಕಡೆ ಹೋಗಿಬರಬೇಕೆಂದು ಸಂಕಲ್ಪ ಮಾಡಿದ್ದೇವೆ. ಅದಕ್ಕೆ ಮೊದಲು ಇಲ್ಲಿ, ನಿಮ್ಮೆಲ್ಲರ ಎದುರಿನಲ್ಲಿ ಹೇಳಿದ್ದೇವೆ.

ಮಿಚ್ಛಾಮಿ ದುಕ್ಕಡಂ.